ಕೆಂಗಣ್ಣಿಗೆ ಡ್ರಾಪ್ಸ್ ಹುಡುಕುವ ಮೊದಲು ಅದು ಬಂದ ದಾರಿ ಹುಡುಕಿ

ಮಳೆಗಾಲ ಶುರುವಾಯ್ತು ಅಂದರೆ ರೈತರ ವಾಟ್ಸಾಪ್ ಗುಂಪುಗಳಲ್ಲಿ ಎರಡು ಥರದ ಫೋಟೋ ಬರೋಕೆ ಶುರುವಾಗುತ್ತೆ. ಒಂದು, ನೀರು ಸುರಿಸುತ್ತಾ ಅರ್ಧ ಮುಚ್ಚಿದ ಕರುವಿನ ಕಣ್ಣು. ಇನ್ನೊಂದು, ಮನೆಯ ಮಗುವಿನ ಕೆಂಪಗೆ ಊದಿದ ಕಣ್ಣು. ಎರಡೂ ಫೋಟೋ ಕೆಳಗೆ ಒಂದೇ ಪ್ರಶ್ನೆ ಇರುತ್ತೆ: "ಯಾವ ಡ್ರಾಪ್ಸ್ ಹಾಕಬೇಕು ಸಾರ್?" ಐದು ನಿಮಿಷದಲ್ಲಿ ಹತ್ತು ಉತ್ತರ ಬರುತ್ತೆ. ಒಬ್ಬರು ಮೆಡಿಕಲ್ ಸ್ಟೋರಿನ ಡ್ರಾಪ್ಸ್ ಹೆಸರು ಹೇಳ್ತಾರೆ, ಇನ್ನೊಬ್ಬರು ಹರಳೆಣ್ಣೆ ಅಂತಾರೆ, ಮತ್ತೊಬ್ಬರು ಹೊಗೆಸೊಪ್ಪಿನ ನೀರು ಅಂತಾರೆ. ಆದರೆ "ಇದು ಎಲ್ಲಿಂದ ಬಂತು, ಮುಂದೆ ಯಾರಿಗೆ ಹೋಗುತ್ತೆ?" ಅಂತ ಕೇಳೋರು ಬಹಳ ಕಡಿಮೆ.

ನನ್ನ ಅಭಿಪ್ರಾಯ ಇಷ್ಟೇ. ಕೆಂಗಣ್ಣಿನ ವಿಷಯದಲ್ಲಿ ನಾವು ತಪ್ಪು ಪ್ರಶ್ನೆಯನ್ನೇ ಕೇಳ್ತಾ ಇದ್ದೀವಿ. ಔಷಧಿ ಬೇಡ ಅಂತ ಹೇಳ್ತಿಲ್ಲ. ಆದರೆ ಈ ರೋಗ ಹರಡುವ ದಾರಿಗಳು ಮೂರು ನಾಲ್ಕೇ. ಅವೆಲ್ಲಾ ನಮ್ಮ ಕೊಟ್ಟಿಗೆ, ತಿಪ್ಪೆ, ಬಚ್ಚಲುಮನೆ ಮತ್ತು ಜೇಬಿನಲ್ಲಿರೋ ಮೊಬೈಲಿನಲ್ಲೇ ಇವೆ. ಆ ದಾರಿ ಮುಚ್ಚೋದು ಡಾಕ್ಟರ ಕೆಲಸ ಅಲ್ಲ, ನಮ್ಮ ಕೆಲಸ.

ನಾನು ಓದಿದ್ದು ತೋಟಗಾರಿಕೆ, ಪಶುವೈದ್ಯ ಅಲ್ಲ. ಆದರೆ ತೋಟ ಮಾಡುವವರಿಗೆ ಈ ಮಾತು ಬೇಗ ಅರ್ಥ ಆಗಬೇಕು. ಟೊಮೆಟೊಗೆ ಎಲೆ ಮುದುಡು ರೋಗ ಬಂದರೆ ನಾವು ವೈರಸ್ಸಿಗೆ ಔಷಧಿ ಹುಡುಕ್ತೀವಾ? ಇಲ್ಲ. ಅದನ್ನು ಗಿಡದಿಂದ ಗಿಡಕ್ಕೆ ಸಾಗಿಸೋದು ಬಿಳಿ ನೊಣ ಅಂತ ಗೊತ್ತು. ಅದಕ್ಕೇ ಸಸಿಮಡಿಗೆ ಪರದೆ ಕಟ್ತೀವಿ, ಹಳದಿ ಅಂಟು ಹಾಳೆ ನೇತು ಹಾಕ್ತೀವಿ, ರೋಗದ ಗಿಡ ಕಿತ್ತು ಹಾಕ್ತೀವಿ. ಗಿಡದ ವಿಷಯದಲ್ಲಿ ಇಷ್ಟು ಜಾಣರಾದ ನಾವು ಹಸುವಿನ ಕಣ್ಣು, ಮಗುವಿನ ಕಣ್ಣಿನ ವಿಷಯ ಬಂದಾಗ ಮಾತ್ರ ದಾರಿ ಮರೆತು ಡ್ರಾಪ್ಸ್ ಹಿಂದೆ ಓಡ್ತೀವಿ.

ಹೆಸರು ಒಂದೇ, ರೋಗ ಬೇರೆ ಬೇರೆ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಮನುಷ್ಯರಿಗೆ ಬರುವ ಕೆಂಗಣ್ಣೂ ದನಕ್ಕೆ ಬರುವ ಕೆಂಗಣ್ಣೂ ಒಂದೇ ರೋಗ ಅಲ್ಲ.

ನಾವು "ಮದ್ರಾಸ್ ಐ" ಅಂತ ಕರೆಯೋದು ಹೆಚ್ಚಿನಂಶ ವೈರಸ್ಸಿನಿಂದ ಬರೋದು. ಅಡಿನೋವೈರಸ್ ಎನ್ನುವ ಗುಂಪಿನದ್ದು ಮುಖ್ಯ ಕಾರಣ. ಕೆಲವು ವರ್ಷ ಎಂಟರೋವೈರಸ್ ಗುಂಪಿನವು ಬಂದು ಊರಿಗೆ ಊರನ್ನೇ ಹಿಡಿದುಕೊಳ್ತವೆ. 1971ರಲ್ಲಿ ಬಾಂಗ್ಲಾ ಯುದ್ಧದ ಸಮಯದಲ್ಲಿ ಬಂಗಾಳದ ಕಡೆ ಇದು ಎಷ್ಟು ಹರಡಿತ್ತು ಅಂದರೆ ಜನ ರೋಗಕ್ಕೇ "ಜೊಯ್ ಬಾಂಗ್ಲಾ" ಅಂತ ಹೆಸರಿಟ್ಟಿದ್ದರು. ನಮ್ಮಲ್ಲಿ 2023ರ ಜುಲೈ, ಆಗಸ್ಟ್‌ನಲ್ಲಿ ರಾಜ್ಯದ ಹಲವು ಜಿಲ್ಲೆಗಳಲ್ಲಿ ಮಕ್ಕಳು ಕಪ್ಪು ಕನ್ನಡಕ ಹಾಕಿಕೊಂಡು ಮನೆಯಲ್ಲಿ ಕೂತಿದ್ದು ನಿಮಗೆ ನೆನಪಿರಬಹುದು. ವೈರಸ್ ಅಲ್ಲದೆ ಬ್ಯಾಕ್ಟೀರಿಯಾದಿಂದಲೂ ಕೆಂಗಣ್ಣು ಬರುತ್ತೆ, ಮಕ್ಕಳಲ್ಲಿ ಸ್ವಲ್ಪ ಜಾಸ್ತಿ. ಆಗ ಗೀಜು ದಪ್ಪಗೆ ಹಳದಿಯಾಗಿ ಬಂದು ಬೆಳಗ್ಗೆ ರೆಪ್ಪೆ ಅಂಟಿಕೊಂಡಿರುತ್ತೆ.

ಹಸು, ಎಮ್ಮೆ, ಕರುಗಳಿಗೆ ಬರೋ ಕೆಂಗಣ್ಣಿನ ಮುಖ್ಯ ಕಾರಣ ಮೊರಾಕ್ಸೆಲ್ಲಾ ಬೋವಿಸ್ ಎಂಬ ಬ್ಯಾಕ್ಟೀರಿಯಾ. ಅದರ ಮೈಮೇಲೆ ಕೂದಲಿನಂಥ ಎಳೆಗಳಿವೆ. ಅದರಿಂದ ಕಣ್ಣಿನ ಕರಿಗುಡ್ಡೆಗೆ ಅಂಟಿಕೊಂಡು, ವಿಷ ಬಿಟ್ಟು ಹುಣ್ಣು ಮಾಡುತ್ತೆ. ಕುರಿ, ಮೇಕೆಗಳಲ್ಲಿ ಮತ್ತೆ ಬೇರೆ: ಅಲ್ಲಿ ಮೈಕೋಪ್ಲಾಸ್ಮಾ, ಕ್ಲಮೈಡಿಯಾ ಜಾತಿಯ ರೋಗಾಣುಗಳು ಹೆಚ್ಚು.

ಅಂದರೆ, ನಿಮ್ಮ ಮದ್ರಾಸ್ ಐ ಹಸುವಿಗೆ ಹೋಗಲ್ಲ. ಹಸುವಿನ ಕೆಂಗಣ್ಣು ನಿಮಗೆ ಬರೋದೂ ತೀರಾ ಅಪರೂಪ. ಒಂದೇ ವಾರದಲ್ಲಿ ಮನೆಯವರಿಗೂ ಕೊಟ್ಟಿಗೆಗೂ ಬಂತು ಅಂದರೆ ಹಸುವಿನಿಂದ ಬಂತು ಅಂತ ಹಸುವನ್ನು ಬೈಯಬೇಡಿ. ಎರಡೂ ಒಟ್ಟಿಗೆ ಬಂದದ್ದು ಕಾಲ ಒಂದೇ ಆದ್ದರಿಂದ, ಮತ್ತು ನಮ್ಮ ಅಭ್ಯಾಸಗಳು ಎರಡಕ್ಕೂ ಬಾಗಿಲು ತೆರೆದು ಇಟ್ಟಿದ್ದರಿಂದ.

ಮನುಷ್ಯರಲ್ಲಿ ಕೈಯೇ ದಾರಿ

"ಮದ್ರಾಸ್ ಐ ಬಂದವರ ಕಣ್ಣು ನೋಡಿದರೆ ನಮಗೂ ಬರುತ್ತೆ" ಅಂತ ಈಗಲೂ ನಂಬೋರಿದ್ದಾರೆ. ಅದಕ್ಕೇ ಕಪ್ಪು ಕನ್ನಡಕ. ನೋಡಿದರೆ ಬರಲ್ಲ. ಕನ್ನಡಕ ಬೆಳಕು ಚುಚ್ಚದಂತೆ ನೋಡಿಕೊಳ್ಳುತ್ತೆ, ಕೈ ಪದೇ ಪದೇ ಕಣ್ಣಿಗೆ ಹೋಗದ ಹಾಗೆ ಸ್ವಲ್ಪ ತಡೆಯುತ್ತೆ, ಅಷ್ಟೇ.

ನಿಜವಾದ ದಾರಿ ಹೀಗಿದೆ. ರೋಗ ಬಂದವರು ಕಣ್ಣು ಒರೆಸಿಕೊಳ್ತಾರೆ. ಅದೇ ಕೈಯಲ್ಲಿ ಬಾಗಿಲ ಚಿಲಕ, ನೀರಿನ ಚೊಂಬು, ಬೈಕ್ ಹ್ಯಾಂಡಲ್, ಕುಡುಗೋಲು, ಮೊಬೈಲ್ ಮುಟ್ತಾರೆ. ಅದನ್ನು ಇನ್ನೊಬ್ಬರು ಮುಟ್ಟಿ, ಬೆವರು ಒರೆಸಿಕೊಳ್ಳುವಾಗ ಕಣ್ಣಿಗೆ ತಾಗಿಸಿಕೊಳ್ತಾರೆ. ಅಡಿನೋವೈರಸ್ ಗಟ್ಟಿ ಪ್ರಾಣಿ. ಒಣಗಿದ ಗಟ್ಟಿ ಮೇಲ್ಮೈಗಳ ಮೇಲೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಇರುತ್ತೆ. ಒಂದೇ ಟವೆಲ್ಲಿನಲ್ಲಿ ಮನೆಮಂದಿಯೆಲ್ಲಾ ಮುಖ ಒರೆಸಿಕೊಳ್ಳುವ ಮನೆಯಲ್ಲಿ ಒಬ್ಬರಿಗೆ ಬಂದರೆ ಉಳಿದವರಿಗೆ ಬರೋದಕ್ಕೆ ಬೇರೆ ಕಾರಣ ಹುಡುಕೋದೇ ಬೇಡ.

ಇನ್ನೊಂದು ವಿಷಯ ಯುವಕರು ಗಮನಿಸಬೇಕು. ಅರಳಿಕಟ್ಟೆ ಮೇಲೆ ಕೂತಾಗ ಒಂದು ವಿಡಿಯೋ ತೋರಿಸೋಕೆ ಮೊಬೈಲ್ ಐದು ಕೈ ದಾಟುತ್ತೆ. ಕೆಂಗಣ್ಣಿನ ಕಾಲದಲ್ಲಿ ಮೊಬೈಲ್ ಅಂದರೆ ಜೇಬಲ್ಲಿ ಇಟ್ಟುಕೊಂಡ ಟವೆಲ್ ಇದ್ದ ಹಾಗೆ. ವಿಡಿಯೋ ಕಳಿಸಿ, ಮೊಬೈಲ್ ಕೊಡಬೇಡಿ.

ಕೊರೊನಾ ಬಂದ ಮೇಲೆ ಎಲ್ಲರ ಕೈಗೂ ಸ್ಯಾನಿಟೈಸರ್ ಬಂತು. ಆದರೆ ಕೊರೊನಾ ವೈರಸ್ಸಿನ ಮೈಮೇಲೆ ಕೊಬ್ಬಿನ ಪದರ ಇತ್ತು, ಆಲ್ಕೋಹಾಲ್ ಅದನ್ನು ಸುಲಭವಾಗಿ ಒಡೆಯುತ್ತಿತ್ತು. ಕೆಂಗಣ್ಣಿನ ಈ ವೈರಸ್‌ಗಳಿಗೆ ಆ ಪದರ ಇಲ್ಲ. ಹಾಗಾಗಿ ಸ್ಯಾನಿಟೈಸರ್ ಅಷ್ಟು ಕೆಲಸ ಮಾಡಲ್ಲ. ಸೋಪು ಹಚ್ಚಿ, ಹರಿಯುವ ನೀರಲ್ಲಿ ಉಜ್ಜಿ ತೊಳೆಯೋದೇ ಒಳ್ಳೇದು. ಬಚ್ಚಲಲ್ಲಿರೋ ಹತ್ತು ರೂಪಾಯಿ ಸೋಪೇ ಇಲ್ಲಿ ಮೇಲು.

ಹಿಡಿದ ಮೇಲೆ ಎಷ್ಟು ದಿನ ಹರಡುತ್ತೆ? ಕಣ್ಣಲ್ಲಿ ನೀರು, ಕೆಂಪು ಇರೋ ತನಕ ಹರಡುತ್ತೆ ಅಂತ ಇಟ್ಟುಕೊಳ್ಳಿ. ಅಡಿನೋವೈರಸ್ ಆದರೆ ಒಂದು ವಾರದಿಂದ ಎರಡು ವಾರ. ಎರಡನೇ ದಿನ ನೋವು ಕಡಿಮೆ ಆಯ್ತು ಅಂತ ಮಗುವನ್ನು ಶಾಲೆಗೆ ಕಳಿಸಿದರೆ ಇಡೀ ತರಗತಿಗೆ ಹಂಚಿದ ಹಾಗೆ.

ದನದಲ್ಲಿ ನೊಣ, ಧೂಳು, ಬಿಸಿಲು

ದನದ ಕಣ್ಣಿಗೆ ಕೈ ಇಲ್ಲ, ನೊಣ ಇದೆ. ಕಣ್ಣೀರಿನಲ್ಲಿ ಉಪ್ಪು, ಪ್ರೋಟೀನ್ ಇರೋದರಿಂದ ನೊಣಗಳಿಗೆ ಅದು ಆಹಾರ. ರೋಗದ ಹಸುವಿನ ಕಣ್ಣಲ್ಲಿ ಕೂತು, ಕಾಲಿಗೆ ಬಾಯಿಗೆ ರೋಗಾಣು ಅಂಟಿಸಿಕೊಂಡು, ಪಕ್ಕದ ಕರುವಿನ ಕಣ್ಣಿಗೆ ಹೋಗಿ ಕೂರುತ್ತೆ. ನೊಣದ ಕಾಲಿನ ಮೇಲೆ ಈ ಬ್ಯಾಕ್ಟೀರಿಯಾ ಕೆಲವು ದಿನ ಬದುಕಿರಬಲ್ಲದು.

ಆದರೆ ನೊಣ ಒಂದೇ ಸಾಲದು. ಆರೋಗ್ಯವಾಗಿರೋ ಕರಿಗುಡ್ಡೆಗೆ ರೋಗಾಣು ಸುಲಭವಾಗಿ ಹಿಡಿಯಲ್ಲ. ಮೊದಲು ಅಲ್ಲಿ ಸಣ್ಣ ಗೀರು ಅಥವಾ ಸುಸ್ತು ಆಗಿರಬೇಕು. ಅದನ್ನು ಮಾಡೋದು ಯಾವುದು? ಒಣ ಮೇವಿನ ಸುಂಕು, ಹೊಟ್ಟಿನ ಧೂಳು, ಎತ್ತರಕ್ಕೆ ಬೆಳೆದ ಒಣ ಹುಲ್ಲಿನ ತುದಿ, ಜೋರು ಬಿಸಿಲಿನ ನೇರಳಾತೀತ ಕಿರಣ, ಗಂಜಲ ನಿಂತು ಮೂಗಿಗೆ ಹೊಡೆಯೋ ಅಮೋನಿಯಾ. ಕಣ್ಣಿನ ಸುತ್ತ ಚರ್ಮಕ್ಕೆ ಕಪ್ಪು ಬಣ್ಣ ಕಡಿಮೆ ಇರೋ ದನಗಳಿಗೆ ಬಿಸಿಲಿನ ಪೆಟ್ಟು ಹೆಚ್ಚು. ಕರುಗಳಿಗೆ ರೋಗನಿರೋಧಕ ಶಕ್ತಿ ಇನ್ನೂ ಬಂದಿರಲ್ಲ, ಹಾಗಾಗಿ ಅವುಗಳಿಗೇ ಮೊದಲು ಬರುತ್ತೆ.

ಇಲ್ಲಿ ನಮ್ಮದೇ ಒಂದು ಅಭ್ಯಾಸದ ಬಗ್ಗೆ ಹೇಳಬೇಕು. ನೊಣ ಓಡಿಸೋಕೆ ಸಂಜೆ ಕೊಟ್ಟಿಗೆಯಲ್ಲಿ ಬೇವಿನ ಸೊಪ್ಪಿನ ಹೊಗೆ ಹಾಕ್ತೀವಿ. ಕೊಟ್ಟಿಗೆ ಸುತ್ತಲೂ ಗಾಳಿ ಆಡುವಂತಿದ್ದರೆ ಸ್ವಲ್ಪ ಹೊಗೆ ಪರವಾಗಿಲ್ಲ. ಮುಚ್ಚಿದ ಕೊಟ್ಟಿಗೆಯಲ್ಲಿ ಕಟ್ಟಿ ಹಾಕಿದ ದನಕ್ಕೆ ಉಸಿರುಗಟ್ಟುವಷ್ಟು ಹೊಗೆ ಹಾಕಿದರೆ ಅದರ ಕಣ್ಣಿಗೇ ಉರಿ. ನೊಣ ಅರ್ಧ ಗಂಟೆ ಹೋಗಿ ವಾಪಸ್ ಬರುತ್ತೆ, ಕಣ್ಣಿನ ಉರಿ ಉಳಿಯುತ್ತೆ.

ಇನ್ನೊಂದು ದಾರಿ, ಹೊಸ ದನ. ಕಣ್ಣು ಚೆನ್ನಾಗಿ ಕಾಣೋ ಹಸುವೂ ರೋಗಾಣುವನ್ನು ಹೊತ್ತುಕೊಂಡು ತಿರುಗಬಲ್ಲದು. ಸಂತೆಯಿಂದ ತಂದ ದನವನ್ನು ಅದೇ ದಿನ ನಮ್ಮ ಗೋದಲಿಗೆ ಕಟ್ಟೋದು, ಅದೇ ಬಕೆಟ್ಟಿನಲ್ಲಿ ನೀರು ಕುಡಿಸೋದು ಅಪಾಯ. ಎರಡು ವಾರ ದೂರ ಕಟ್ಟಿ. ಚರ್ಮಗಂಟು ರೋಗ 2022ರಲ್ಲಿ ನಮ್ಮ ದನಗಳಿಗೆ ಏನು ಮಾಡಿತು ಅಂತ ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲೂ ಸಾಗಿಸಿದ್ದು ಕಚ್ಚುವ ನೊಣ, ಸೊಳ್ಳೆ, ಉಣ್ಣೆ ಮತ್ತು ದನದ ಓಡಾಟವೇ.

ಇದರಲ್ಲಿ ನಷ್ಟ ಎಷ್ಟು ಅಂತ ಕೇಳಬಹುದು. "ಕಣ್ಣಿಗೆ ಹೂ ಬಿದ್ದಿದೆ" ಅಂತ ಒಂದು ಮಾತು ಸಾಕು, ಸಂತೆಯಲ್ಲಿ ಹಸುವಿನ ಬೆಲೆ ಇಳಿಯೋದಕ್ಕೆ. ನೋವಿನಲ್ಲಿರೋ ಹಸು ಮೇವು ಕಡಿಮೆ ತಿನ್ನುತ್ತೆ, ಹಾಲು ಇಳಿಯುತ್ತೆ. ಎರಡೂ ಕಣ್ಣಿಗೆ ಬಂದ ಕರು ಗೋದಲಿ ಕಾಣದೆ ತಿನ್ನೋದನ್ನೇ ಬಿಡುತ್ತೆ. ಹುಣ್ಣು ಆಳವಾಗಿ ಗುಡ್ಡೆ ಒಡೆದರೆ ಆ ಕಣ್ಣು ಹೋಯಿತು ಅಂತಲೇ ಅರ್ಥ.

ದಾಟಿ ಬರೋದೂ ಇದೆ

ಹಸುವಿನ ಕೆಂಗಣ್ಣು ನಮಗೆ ಬರಲ್ಲ ಅಂತ ನೆಮ್ಮದಿಯಾಗಿ ಕೂರೋ ಹಾಗೂ ಇಲ್ಲ. ಪ್ರಾಣಿಯಿಂದ ಮನುಷ್ಯರ ಕಣ್ಣಿಗೆ ದಾಟೋ ರೋಗಗಳು ಕೆಲವು ಇವೆ.

ಹತ್ತಿರದ ಉದಾಹರಣೆ ಕೋಳಿ. ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಕಾಯಿಲೆಯ ವೈರಸ್ ಮನುಷ್ಯರ ಕಣ್ಣಿಗೆ ತಾಗಿದರೆ ಕೆಂಗಣ್ಣು ಬರುತ್ತೆ. ರೋಗದ ಕೋಳಿ ಕೊಯ್ಯೋರಿಗೆ, ಜೀವಂತ ಲಸಿಕೆಯನ್ನು ಕೋಳಿಮರಿಗಳಿಗೆ ಹನಿ ಹಾಕೋರಿಗೆ, ಸಿಂಪಡಿಸೋರಿಗೆ ಇದು ಬರಬಹುದು. ಸಾಮಾನ್ಯವಾಗಿ ಒಂದು ವಾರದಲ್ಲಿ ತಾನೇ ಹೋಗುತ್ತೆ, ದೊಡ್ಡ ಅಪಾಯ ಇಲ್ಲ. ಆದರೆ ಲಸಿಕೆ ಹಾಕುವಾಗ ಹಣೆ ಬೆವರನ್ನು ಅದೇ ಕೈಯಲ್ಲಿ ಒರೆಸಿಕೊಳ್ಳೋ ಅಭ್ಯಾಸ ನಮ್ಮ ನಾಟಿ ಕೋಳಿ ಸಾಕುವ ಹುಡುಗರಲ್ಲಿ ಬಹಳ ಇದೆ.

ದೂರದ ಉದಾಹರಣೆ ಅಮೆರಿಕದ್ದು. 2024ರ ಮಾರ್ಚ್‌ನಲ್ಲಿ ಅಲ್ಲಿನ ಡೇರಿ ಹಸುಗಳಲ್ಲಿ ಹಕ್ಕಿಜ್ವರದ ವೈರಸ್ ಇರೋದು ಖಚಿತವಾಯಿತು. ಏಪ್ರಿಲ್ ಮೊದಲಲ್ಲೇ ಟೆಕ್ಸಾಸ್‌ನ ಒಬ್ಬ ಡೇರಿ ಕೆಲಸಗಾರನಿಗೆ ಅದು ತಗುಲಿದ್ದು ಪತ್ತೆಯಾಯಿತು. ಅವನಿಗೆ ಇದ್ದ ಲಕ್ಷಣ ಒಂದೇ: ಕೆಂಪು ಕಣ್ಣು. ಆಮೇಲೆ ಅಲ್ಲಿ ಸೋಂಕು ತಗುಲಿದ ಕೆಲಸಗಾರರಲ್ಲಿ ಹೆಚ್ಚಿನವರಿಗೂ ಕಣ್ಣು ಕೆಂಪಾಗಿತ್ತು. ರೋಗದ ಹಸುವಿನ ಹಸಿ ಹಾಲಿನಲ್ಲಿ ವೈರಸ್ ತುಂಬಿರುತ್ತೆ. ಹಾಲು ಕರೆಯುವ ಜಾಗದಲ್ಲಿ ಅದು ಕಣ್ಣಿಗೆ ಸಿಡಿಯೋದು, ಹಾಲು ಮೆತ್ತಿದ ಕೈಯಿಂದ ಕಣ್ಣು ಉಜ್ಜೋದು ಎಷ್ಟು ಹೊತ್ತಿನ ಕೆಲಸ? ಇದನ್ನು ಹೇಳಿದ್ದು ನಮ್ಮ ಹಸುಗಳಿಗೆ ಹೆದರಲಿ ಅಂತ ಅಲ್ಲ. ಕಣ್ಣು ಕೂಡ ಬಾಯಿ, ಮೂಗಿನ ಹಾಗೆ ರೋಗ ಒಳಗೆ ಬರೋ ಬಾಗಿಲು ಅನ್ನೋದು ನೆನಪಿರಲಿ ಅಂತ.

ನೊಣ ಸಾಗಿಸೋ ಇನ್ನೊಂದಿದೆ, ಕಣ್ಣಿನ ಹುಳು. ದನದ ಕಣ್ಣಲ್ಲಿ ಬಿಳಿ ದಾರದಂಥ ಹುಳು ಓಡಾಡೋದನ್ನು ಕೆಲವರು ನೋಡಿರಬಹುದು. ಕಣ್ಣೀರು ಹೀರುವ ನೊಣವೇ ಅದರ ಮರಿಯನ್ನು ಸಾಗಿಸೋದು. ಇದೇ ಕುಲದ ಒಂದು ಹುಳು ಅಪರೂಪಕ್ಕೆ ಮನುಷ್ಯರ ಕಣ್ಣಿಗೂ ಬಂದದ್ದು ನಮ್ಮ ದೇಶದಲ್ಲಿ ದಾಖಲಾಗಿದೆ.

ಸಾವಯವದವರ ಮೇಲೆ ಹೆಚ್ಚು ಜವಾಬ್ದಾರಿ

ಈಗ ನನ್ನ ಜೊತೆಯವರಿಗೇ ಕಹಿಯಾಗೋ ಮಾತು. ನಮ್ಮ ಸಾವಯವ ತೋಟಗಳಲ್ಲಿ ಸಗಣಿ, ಗಂಜಲ, ಬೆಲ್ಲ ಇದ್ದೇ ಇರುತ್ತೆ. "ನಮ್ಮಲ್ಲಿ ನೊಣ ಇರೋದು ಸಹಜ, ಪ್ರಕೃತಿ ಅಲ್ವಾ" ಅಂತ ಹೇಳೋರನ್ನು ತರಬೇತಿಗಳಲ್ಲೇ ಕೇಳಿದ್ದೀನಿ. ನಾನು ಒಪ್ಪಲ್ಲ. ತೋಟದಲ್ಲಿ ಜೇನು ಇರಲಿ, ಜೇಡ ಇರಲಿ, ಗುಲಗಂಜಿ ಹುಳ ಇರಲಿ. ಮನೆನೊಣ ತುಂಬಿದೆ ಅಂದರೆ ಅದು ಪ್ರಕೃತಿ ಅಲ್ಲ, ಗೊಬ್ಬರ ಸರಿಯಾಗಿ ಆಗ್ತಿಲ್ಲ ಅಂತ ಅರ್ಥ.

ಲೆಕ್ಕ ನೋಡಿ. ಬೆಚ್ಚಗಿನ ದಿನಗಳಲ್ಲಿ ಮನೆನೊಣದ ಮೊಟ್ಟೆಯಿಂದ ರೆಕ್ಕೆ ಬಂದ ನೊಣ ಆಗೋಕೆ ಒಂದು ವಾರದಿಂದ ಹತ್ತು ದಿನ ಸಾಕು. ಒಂದು ಹೆಣ್ಣು ನೊಣ ಒಂದು ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆ ಇಡುತ್ತೆ, ಅದೂ ಹಲವು ಸಲ. ಅದಕ್ಕೆ ಬೇಕಾದದ್ದು ಹಸಿ, ತೇವದ ಸಗಣಿ. ಒಣಗಿದ ಸಗಣಿಯಲ್ಲಿ ಅದರ ಮರಿಹುಳು ಬದುಕಲ್ಲ. ಚೆನ್ನಾಗಿ ಕಾವು ಬಂದ ಕಾಂಪೋಸ್ಟ್ ರಾಶಿಯ ಒಳಗೂ ಬದುಕಲ್ಲ. ಅಂದರೆ ಸಗಣಿ ವಾರದೊಳಗೆ ಒಣಗಬೇಕು, ಇಲ್ಲಾ ಕಾವಿಗೆ ಹೋಗಬೇಕು, ಇಲ್ಲಾ ಗೋಬರ್ ಗ್ಯಾಸ್ ಗುಂಡಿಗೆ ಇಳಿಯಬೇಕು. ಹತ್ತು ದಿನ ಹಸಿಯಾಗಿ ತೆರೆದು ಬಿದ್ದಿದ್ದರೆ ನಾವು ಗೊಬ್ಬರ ಮಾಡ್ತಿಲ್ಲ, ನೊಣ ಸಾಕ್ತಿದ್ದೀವಿ.

ತಿಪ್ಪೆಗೆ ಹೊಸ ಸಗಣಿ ಹಾಕಿದ ಮೇಲೆ ಮೇಲಿಂದ ಒಣ ತರಗು, ಹೊಟ್ಟು ಅಥವಾ ಒಣ ಮಣ್ಣಿನ ಪದರ ಹಾಕಿ. ವಾರಕ್ಕೊಮ್ಮೆ ರಾಶಿಯ ಅಂಚನ್ನು ಒಳಕ್ಕೆ ತಿರುವಿ ಹಾಕಿ. ಮರಿಹುಳು ಇರೋದು ತಣ್ಣಗಿರೋ ಅಂಚಿನಲ್ಲೇ, ಒಳಗೆ ಹೋದರೆ ಕಾವಿಗೆ ಸಾಯುತ್ತೆ. ಕೆದಕಿದಾಗ ನಾಟಿ ಕೋಳಿ ಬಿಟ್ಟರೆ ಉಳಿದದ್ದನ್ನು ಅವು ನೋಡಿಕೊಳ್ತವೆ. ಜೀವಾಮೃತದ ಡ್ರಮ್ ವಿಷಯದಲ್ಲೂ ಅಷ್ಟೇ. 200 ಲೀಟರ್ ನೀರು, 10 ಕೆಜಿ ಸಗಣಿ, 2 ಕೆಜಿ ಬೆಲ್ಲ ಹಾಕಿದ ಡ್ರಮ್ಮನ್ನು ಬಾಯಿ ತೆರೆದು ಇಟ್ಟರೆ ಊರ ನೊಣಕ್ಕೆಲ್ಲಾ ಊಟದ ಮನೆ. ಗೋಣಿಚೀಲ ಕಟ್ಟಿ ಮುಚ್ಚಿ ಅಂತ ಮೊದಲ ದಿನವೇ ಹೇಳಿಕೊಟ್ಟಿರ್ತಾರೆ. ಎಷ್ಟು ಜನ ಕಟ್ತೀವಿ?

"ಊರಲ್ಲೆಲ್ಲಾ ತಿಪ್ಪೆ ತೆರೆದಿರುವಾಗ ನಾನೊಬ್ಬ ಮಾಡಿದರೆ ಏನಾಗುತ್ತೆ?" ಅಂತ ಕೇಳ್ತಾರೆ. ನೊಣ ದೂರ ಹಾರಬಲ್ಲದು, ನಿಜ. ಆದರೆ ತಿನ್ನೋಕೆ, ಮೊಟ್ಟೆ ಇಡೋಕೆ ಹತ್ತಿರದಲ್ಲೇ ಸಿಕ್ಕರೆ ಹುಟ್ಟಿದ ಜಾಗದ ಆಸುಪಾಸಲ್ಲೇ ಇರುತ್ತೆ. ನಿಮ್ಮ ಕರುವಿನ ಕಣ್ಣಿನ ಮೇಲೆ ಕೂತಿರೋ ನೊಣ ಬಹುಪಾಲು ನಿಮ್ಮದೇ.

ದಾರಿ ಮುಚ್ಚಿದರೆ ರೋಗ ಸೋಲುತ್ತೆ ಅನ್ನೋದಕ್ಕೆ ದೊಡ್ಡ ಸಾಕ್ಷಿಯೂ ಇದೆ. ಟ್ರಕೋಮಾ ಅಂತ ಒಂದು ಕಣ್ಣಿನ ಸೋಂಕು ಒಂದು ಕಾಲದಲ್ಲಿ ನಮ್ಮ ದೇಶದಲ್ಲಿ ಲಕ್ಷಾಂತರ ಜನರನ್ನು ಕುರುಡು ಮಾಡಿತ್ತು. ಅದೂ ಕೈ, ಬಟ್ಟೆ ಮತ್ತು ನೊಣದಿಂದಲೇ ಹರಡೋದು. ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಹಾಕಿಕೊಟ್ಟ ಯೋಜನೆಯಲ್ಲಿ ಆಪರೇಷನ್, ಔಷಧಿಯ ಜೊತೆ ಮುಖ ತೊಳೆಯೋದು ಮತ್ತು ನೀರು, ಶೌಚಾಲಯದ ಸುಧಾರಣೆಯೂ ಸಮಸಮವಾಗಿ ಇತ್ತು. ಯಾಕೆಂದರೆ ಆ ರೋಗ ಸಾಗಿಸೋ ನೊಣ ಬಯಲಲ್ಲಿ ಬಿದ್ದ ಮಲದಲ್ಲಿ ಹುಟ್ಟುತ್ತೆ. 2024ರ ಅಕ್ಟೋಬರ್‌ನಲ್ಲಿ ಭಾರತ ಟ್ರಕೋಮಾವನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ನಿರ್ಮೂಲನೆ ಮಾಡಿದೆ ಅಂತ ಅದೇ ಸಂಸ್ಥೆ ಘೋಷಿಸಿತು. ಬರೀ ಡ್ರಾಪ್ಸಿನಿಂದ ಇದು ಆಗ್ತಿರಲಿಲ್ಲ.

ಕಣ್ಣಿಗೆ ಏನು ಹಾಕಬಾರದು

ಹರಳೆಣ್ಣೆ, ನಂದಿಬಟ್ಟಲು ಹೂವಿನ ರಸ, ತಾಯಿ ಹಾಲು, ಉಪ್ಪಿನ ನೀರು, ಎಲೆ ಅಡಿಕೆ ಜಗಿದು ಉಗಿಯೋದು, ಹೊಗೆಸೊಪ್ಪಿನ ರಸ. ಮನುಷ್ಯರಿಗೂ ದನಕ್ಕೂ ಹಿಂದಿನಿಂದ ಹಾಕಿಕೊಂಡು ಬಂದಿದ್ದಾರೆ. ವೈರಸ್ಸಿನ ಕೆಂಗಣ್ಣು ಏನೂ ಹಾಕದಿದ್ದರೂ ವಾರ ಎರಡು ವಾರದಲ್ಲಿ ಹೋಗುತ್ತೆ. ಹಾಗಾಗಿ ಏನು ಹಾಕಿದರೂ "ಅದರಿಂದಲೇ ವಾಸಿಯಾಯ್ತು" ಅನ್ನಿಸುತ್ತೆ. ಆದರೆ ಕರಿಗುಡ್ಡೆ ಮೇಲೆ ಹುಣ್ಣಾಗಿರುವಾಗ ಉಗುಳು, ಹೊಗೆಸೊಪ್ಪು ಬಿದ್ದರೆ ಹೊಸ ಸೋಂಕು, ಹೊಸ ಉರಿ. ಹಿರಿಯರಿಗೆ ಗೌರವ ಇಟ್ಟುಕೊಂಡೇ ಹೇಳ್ತೀನಿ: ಸಾವಯವ ಅಂದರೆ ಸಿಕ್ಕಿದ ಸೊಪ್ಪಿನ ರಸವನ್ನೆಲ್ಲಾ ಕಣ್ಣಿಗೆ ಹಿಂಡೋದು ಅಲ್ಲ.

ಮೆಡಿಕಲ್ ಸ್ಟೋರಿನಿಂದ ಕೇಳಿ ತರೋ ಡ್ರಾಪ್ಸ್ ಇದಕ್ಕಿಂತ ಅಪಾಯ ಆಗಬಹುದು. ಅವುಗಳಲ್ಲಿ ಕೆಲವಕ್ಕೆ ಸ್ಟೀರಾಯ್ಡ್ ಸೇರಿರುತ್ತೆ. ಹಾಕಿದ ದಿನವೇ ಕೆಂಪು ಇಳಿಯುತ್ತೆ, ಹಾಗಾಗಿ ಜನಕ್ಕೆ ಇಷ್ಟ. ಆದರೆ ರೈತರ ಕೆಂಪು ಕಣ್ಣು ಎಲ್ಲಾ ಮದ್ರಾಸ್ ಐ ಅಲ್ಲ. ಭತ್ತದ ಹೊಟ್ಟು, ಜೋಳದ ಗರಿ, ಕಬ್ಬಿನ ಸೋಗೆ ಕಣ್ಣಿಗೆ ಹೊಡೆದು ಶಿಲೀಂಧ್ರದ ಹುಣ್ಣು ಆಗೋದು ನಮ್ಮ ದಕ್ಷಿಣ ಭಾರತದಲ್ಲಿ ಬಹಳ ಇದೆ. ಆ ಕಣ್ಣಿಗೆ ಸ್ಟೀರಾಯ್ಡ್ ಬಿದ್ದರೆ ಶಿಲೀಂಧ್ರ ಇನ್ನೂ ಬೆಳೆಯುತ್ತೆ, ದೃಷ್ಟಿಯೇ ಹೋಗಬಹುದು. ಎಲೆ, ಕಡ್ಡಿ, ಹೊಟ್ಟು ತಾಗಿದ ಮೇಲೆ ಕೆಂಪಾಗಿದ್ದರೆ, ಜೋರು ನೋವಿದ್ದರೆ, ಮಂಜಾಗಿದ್ದರೆ, ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ ಕಂಡರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಹುಟ್ಟಿದ ಮಗುವಿನ ಕಣ್ಣಲ್ಲಿ ಗೀಜು ಬಂದರೂ ಕಾಯಬೇಡಿ.

ದನದ ವಿಷಯದಲ್ಲೂ ಕಾಯೋದು ನಷ್ಟ. ಮೊದಲ ದಿನ ಬರೀ ನೀರು ಸುರಿಯುತ್ತೆ, ಬಿಸಿಲಿಗೆ ಕಣ್ಣು ಮುಚ್ಚುತ್ತೆ, ಕೆನ್ನೆ ಕೂದಲು ಒದ್ದೆಯಾಗಿರುತ್ತೆ. ಒಂದೆರಡು ದಿನದಲ್ಲಿ ಗುಡ್ಡೆ ನಡುವೆ ಬಿಳಿ ಚುಕ್ಕೆ, ಆಮೇಲೆ ಕಣ್ಣೆಲ್ಲಾ ನೀಲಿ ಬಿಳಿ ಮೋಡ. ನೀರು ಸುರಿಯೋ ಹಂತದಲ್ಲೇ ಪಶುವೈದ್ಯರಿಗೆ ತೋರಿಸಿದರೆ ಆಂಟಿಬಯೋಟಿಕ್ ಚೆನ್ನಾಗಿ ಕೆಲಸ ಮಾಡುತ್ತೆ. ಪಶು ಸಂಜೀವಿನಿಯ 1962ಕ್ಕೆ ಫೋನ್ ಮಾಡಿ. ಹತ್ತಿರದಿಂದ, ಬೆಳಕಿನಲ್ಲಿ, ದಿನಕ್ಕೊಂದು ಫೋಟೋ ತೆಗೆದಿಟ್ಟಿದ್ದರೆ ಅವರಿಗೂ ಅನುಕೂಲ. "ಸಾವಯವ ಹಸುವಿಗೆ ಇಂಜೆಕ್ಷನ್ನಾ?" ಅಂತ ಹಿಂಜರಿಯಬೇಡಿ. ಬೇರೆ ದಾರಿ ಇಲ್ಲದಾಗ ಪ್ರಾಣಿಯ ನೋವಿಗೆ ಚಿಕಿತ್ಸೆ ಕೊಡೋದನ್ನು ನಮ್ಮ ದೇಶದ ಸಾವಯವ ಪ್ರಮಾಣೀಕರಣದ ನಿಯಮಗಳೇ ಒಪ್ಪುತ್ತವೆ. ವೈದ್ಯರು ಹೇಳಿದಷ್ಟು ದಿನ ಹಾಲನ್ನು ಡೇರಿಗೆ ಹಾಕಬೇಡಿ, ಪ್ರಮಾಣಪತ್ರ ಇದ್ದವರು ಅದಕ್ಕಿಂತ ಹೆಚ್ಚು ದಿನ ಕಾಯಬೇಕು.

ಕೂಲಿಯವರ ಕಣ್ಣೂ ಲೆಕ್ಕಕ್ಕೆ ಬರಲಿ

ಕೊನೆಗೆ, ಯಾರೂ ಮಾತಾಡದ ಒಂದು ದಾರಿ. ಕಳೆ ಕೀಳೋಕೆ ಹತ್ತು ಜನ ಬಂದಿದ್ದಾರೆ, ಒಬ್ಬರಿಗೆ ಕಣ್ಣು ಕೆಂಪಾಗಿದೆ. ನಾವು ಏನು ಮಾಡ್ತೀವಿ? "ಇವತ್ತು ಬೇಡ, ವಾಸಿಯಾದ ಮೇಲೆ ಬಾರಮ್ಮ" ಅಂತ ಕೂಲಿ ಕೊಡದೆ ವಾಪಸ್ ಕಳಿಸ್ತೀವಿ. ಮುಂದಿನ ಸಲ ಅವರು ಏನು ಮಾಡ್ತಾರೆ? ಸೆರಗಲ್ಲಿ ಕಣ್ಣು ಒರೆಸಿಕೊಂಡು, ಮುಚ್ಚಿಟ್ಟುಕೊಂಡು ಬರ್ತಾರೆ. ಒಂದೇ ಕೊಡದ ನೀರು, ಒಂದೇ ಲೋಟ, ಕೈಯಿಂದ ಕೈಗೆ ಹೋಗೋ ಕುಡುಗೋಲು. ನಾಲ್ಕು ದಿನದಲ್ಲಿ ಇಡೀ ಗುಂಪು ಮಲಗುತ್ತೆ, ಕೊಯ್ಲಿಗೆ ಜನ ಇಲ್ಲ.

ಎರಡು ದಿನದ ಕೂಲಿ ಕೊಟ್ಟು ಮನೆಯಲ್ಲಿರಿ ಅಂತ ಹೇಳೋದು, ಅಥವಾ ದೂರದಲ್ಲಿ ಒಬ್ಬರೇ ಮಾಡೋ ಕೆಲಸ ಕೊಡೋದು ಧರ್ಮ ಅಂತ ಹೇಳ್ತಿಲ್ಲ, ಲೆಕ್ಕ ಅಂತಲೇ ಹೇಳ್ತಿದ್ದೀನಿ. ಅದಕ್ಕೆ ಆಗೋ ಖರ್ಚು ಒಂದು ವಾರ ಕೊಯ್ಲು ನಿಂತರೆ ಆಗೋ ನಷ್ಟದ ಮುಂದೆ ಏನೂ ಅಲ್ಲ. ಜೊತೆಗೆ ಹೊಲದ ಬದುವಿನಲ್ಲಿ ಒಂದು ಸೋಪು, ಒಂದು ನಲ್ಲಿ ಕಟ್ಟಿದ ಕ್ಯಾನು ಇಡಿ. ಅವರ ಮನೆಯ ಹೆಂಗಸರೇ ನಿಮ್ಮ ಕೊಟ್ಟಿಗೆಗೂ ಬರೋದು, ನಿಮ್ಮ ಮಗುವನ್ನೂ ಎತ್ತಿಕೊಳ್ಳೋದು ಅನ್ನೋದು ನೆನಪಿರಲಿ.

ಈ ವಾರ ಮಾಡಬಹುದಾದ್ದು

- ಮನೆಯಲ್ಲಿ ಒಬ್ಬೊಬ್ಬರಿಗೂ ಬೇರೆ ಟವೆಲ್. ಕೆಂಗಣ್ಣು ಬಂದವರ ಟವೆಲ್, ದಿಂಬಿನ ಕವರ್ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ.
- ಹಾಲು ಕರೆಯುವ ಮೊದಲು, ಕರೆದ ಮೇಲೆ, ದನದ ಕಣ್ಣು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಒಂದು ದನದ ಕಣ್ಣು ಒರೆಸಿದ ಬಟ್ಟೆ ಇನ್ನೊಂದಕ್ಕೆ ಬೇಡ, ಸುಟ್ಟುಬಿಡಿ.
- ಕಣ್ಣು ನೀರು ಸುರಿಸೋ ದನವನ್ನು ಬೇರೆ ಕಟ್ಟಿ, ನೆರಳಲ್ಲಿ. ಬಕೆಟ್ಟು, ಹಗ್ಗ ಬೇರೆ ಇರಲಿ. ಆರೋಗ್ಯವಾಗಿರೋ ದನಗಳ ಕೆಲಸ ಮೊದಲು, ರೋಗದ್ದು ಕೊನೆಗೆ.
- ಧೂಳಿರೋ ಒಣ ಮೇವನ್ನು ದನದ ಮುಖದ ಮೇಲೆ ಬೀಳುವ ಹಾಗೆ ಮೇಲಿಂದ ಹಾಕಬೇಡಿ. ಕೊಡವಿ, ಸ್ವಲ್ಪ ನೀರು ಚಿಮುಕಿಸಿ ಗೋದಲಿಗೆ ಹಾಕಿ.
- ಗಂಜಲ ನಿಲ್ಲದ ಹಾಗೆ ಕೊಟ್ಟಿಗೆ ನೆಲಕ್ಕೆ ಇಳಿಜಾರು ಮಾಡಿ. ತಿಪ್ಪೆ ಮುಚ್ಚಿ, ವಾರಕ್ಕೊಮ್ಮೆ ತಿರುವಿ. ಜೀವಾಮೃತದ ಡ್ರಮ್ಮಿಗೆ ಗೋಣಿಚೀಲ ಕಟ್ಟಿ.
- ಕೋಳಿಗೆ ಲಸಿಕೆ ಹಾಕುವಾಗ ಕನ್ನಡಕ ಹಾಕಿಕೊಳ್ಳಿ, ಮುಗಿದ ಮೇಲೆ ಕೈ ತೊಳೆಯದೆ ಮುಖ ಮುಟ್ಟಬೇಡಿ.

ಇದರಲ್ಲಿ ಯಾವುದಕ್ಕೂ ಸಬ್ಸಿಡಿ ಬೇಕಿಲ್ಲ, ಅರ್ಜಿ ಹಾಕಬೇಕಿಲ್ಲ. ಕಣ್ಣಿಗೆ ಹೂ ಬಿದ್ದ ಮೇಲೆ ಅದನ್ನು ತೆಗೆಯೋ ಡ್ರಾಪ್ಸ್ ಯಾವ ಅಂಗಡಿಯಲ್ಲೂ ಸಿಗಲ್ಲ. ಬೀಳದ ಹಾಗೆ ನೋಡಿಕೊಳ್ಳೋ ಸೋಪು, ಸಲಿಕೆ, ಗೋಣಿಚೀಲ ಎಲ್ಲರ ಮನೆಯಲ್ಲೂ ಈಗಾಗಲೇ ಇದೆ.